ದಸರೆಗೆ ಮಂಗಳೂರಿಗೆ ಬರುವವರಿಗೆ: ಎರಡು ದಿನದಲ್ಲಿ ಏನು, ಎಲ್ಲಿ, ಹೇಗೆ

ನವರಾತ್ರಿ ಹತ್ತಿರ ಬಂತೆಂದರೆ ನನ್ನ ಫೋನಿಗೆ ಒಂದೇ ಪ್ರಶ್ನೆ. "ಶನಿವಾರ ಬಂದು ಭಾನುವಾರ ರಾತ್ರಿ ಬಸ್ಸಿಗೆ ವಾಪಸ್ ಹೋಗ್ತೀವಿ, ಹುಲಿವೇಷ ಸಿಗುತ್ತಾ? ಕುದ್ರೋಳಿ ಮೆರವಣಿಗೆ ನೋಡಬಹುದಾ? ಹಾಗೇ ಒಂದು ಕಂಬಳನೂ ಆಗುತ್ತಾ?" ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಟೈಪ್ ಮಾಡಿ ಸಾಕಾಗಿದೆ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಕಂಬಳದ ವಿಷಯ ಮೊದಲೇ ಮುಗಿಸಿಬಿಡೋಣ. ಸಿಗುವುದಿಲ್ಲ. ಕಂಬಳ ಶುರುವಾಗುವುದು ನವೆಂಬರ್ ಹೊತ್ತಿಗೆ. ಯಕ್ಷಗಾನ ಮೇಳಗಳದ್ದೂ ಹೆಚ್ಚುಕಡಿಮೆ ಅದೇ ಕತೆ. ಪತ್ತನಾಜೆಗೆ, ಅಂದರೆ ತುಳುವಿನ ಬೇಶ ತಿಂಗಳ ಹತ್ತನೇ ದಿನ, ನಮ್ಮ ಲೆಕ್ಕದಲ್ಲಿ ಮೇ ಕೊನೆಗೆ, ಗೆಜ್ಜೆ ಬಿಚ್ಚಿದ ಮೇಳಗಳು ಮತ್ತೆ ತಿರುಗಾಟಕ್ಕೆ ಹೊರಡುವುದು ದೀಪಾವಳಿ ಆಸುಪಾಸಿನಲ್ಲಿ. ದಸರೆಯ ದಿನಗಳಲ್ಲಿ ಯಾವುದಾದರೂ ದೇವಸ್ಥಾನದಲ್ಲಿ ತಾಳಮದ್ದಳೆ, ಅಂದರೆ ವೇಷ, ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನ, ಸಿಗಬಹುದು. ಅದನ್ನು ಅದೃಷ್ಟ ಅಂದುಕೊಳ್ಳಿ, ಪ್ಲಾನಿನಲ್ಲಿ ಸೇರಿಸಬೇಡಿ.

1. ರಜೆ ಹಾಕುವ ಮೊದಲು ತಿಥಿ ನೋಡಿ

ಎಲ್ಲರೂ ಎಡವುವುದು ಇಲ್ಲೇ. ವಾರಾಂತ್ಯ ನಿಮ್ಮ ಕಂಪನಿಯ ಕ್ಯಾಲೆಂಡರಿನಲ್ಲಿ ಇರುತ್ತದೆ, ದಸರೆ ಪಂಚಾಂಗದಲ್ಲಿ ಇರುತ್ತದೆ. 2023ರಲ್ಲಿ ವಿಜಯದಶಮಿ ಅಕ್ಟೋಬರ್ 24ಕ್ಕೆ ಬಂದಿತ್ತು, 2025ರಲ್ಲಿ ಅಕ್ಟೋಬರ್ 2ಕ್ಕೇ ಬಂತು. "ಹೋದ ಸಲ ಮೂರನೇ ವಾರ ಇತ್ತಲ್ವಾ" ಎಂದು ಟಿಕೆಟ್ ಬುಕ್ ಮಾಡಿದರೆ ಇಲ್ಲಿಗೆ ಬಂದಾಗ ದೀಪದ ವಯರ್ ಸುತ್ತಿ ಲಾರಿಗೆ ತುಂಬುತ್ತಿರುತ್ತಾರೆ.

ನಿಮ್ಮ ಶನಿವಾರ, ಭಾನುವಾರ ಯಾವ ತಿಥಿಗೆ ಬೀಳುತ್ತದೆ ಎಂದು ನೋಡಿ. ಪಾಡ್ಯದಿಂದ ಪಂಚಮಿ, ಷಷ್ಠಿಯವರೆಗೆ ಬಂದರೆ ಕುದ್ರೋಳಿಯ ಗೋಕರ್ಣನಾಥೇಶ್ವರ, ದೀಪಾಲಂಕಾರ, ಬೇರೆ ದೇವಸ್ಥಾನಗಳು ಆರಾಮಾಗಿ ಸಿಗುತ್ತವೆ. ಹುಲಿ ಅಲ್ಲೊಂದು ಇಲ್ಲೊಂದು. ಸಪ್ತಮಿಯಿಂದ ನವಮಿವರೆಗೆ ಹುಲಿಗಳ ದರ್ಬಾರು, ಕಿವಿಗೆ ಹುಲಿ ಕುಣಿತದ ತಾಸೆ ವಾದ್ಯ ಬಿಟ್ಟು ಬೇರೇನೂ ಕೇಳುವುದಿಲ್ಲ. ಮಹಾನವಮಿಗೆ ಆಯುಧ ಪೂಜೆ. ಅವತ್ತು ಬಸ್ಸು, ಆಟೋ ಎಲ್ಲಾ ಬಾಳೆಗಿಡ, ಚೆಂಡುಹೂ ಕಟ್ಟಿಕೊಂಡು ಚಂದ ಕಾಣುತ್ತವೆ, ಆದರೆ ಪೂಜೆ ಮುಗಿಯುವ ತನಕ ಎಷ್ಟೋ ಬಸ್ಸು ರಸ್ತೆಗೇ ಇಳಿಯುವುದಿಲ್ಲ, ಅಂಗಡಿಗಳೂ ಅರ್ಧಕ್ಕರ್ಧ ಮುಚ್ಚಿರುತ್ತವೆ. ದಶಮಿಗೆ ದೊಡ್ಡ ಮೆರವಣಿಗೆ.

ನನ್ನನ್ನು ಕೇಳಿದರೆ, ಮೊದಲ ಸಲ ಬರುವವರಿಗೆ ಸಪ್ತಮಿ, ಅಷ್ಟಮಿ ಬೀಳುವ ವಾರಾಂತ್ಯವೇ ಒಳ್ಳೆಯದು. ದಶಮಿ ನೋಡಲೇಬೇಕು ಎನ್ನುವವರು ಒಂದು ದಿನ ರಜೆ ಜಾಸ್ತಿ ಹಾಕಿ.

ಎಚ್ಚರಿಕೆ: ಟಿವಿಯಲ್ಲಿ ಹೇಳುವ ಮೈಸೂರಿನ ದಿನವನ್ನೇ ನಂಬಬೇಡಿ. ತಿಥಿ ಎರಡು ದಿನಕ್ಕೆ ಹರಡಿಕೊಂಡಾಗ ಇಲ್ಲಿನ ದೇವಸ್ಥಾನದ ಲೆಕ್ಕ ಒಂದು ದಿನ ಆಚೀಚೆ ಆಗಬಹುದು. ದೇವಸ್ಥಾನದ ಆಮಂತ್ರಣ ಪತ್ರಿಕೆ ನೋಡಿಯೇ ಟಿಕೆಟ್ ಮಾಡಿ.

2. ರೈಲು, ರೂಮು

ಮಂಗಳೂರಿಗೆ ಎರಡು ರೈಲು ನಿಲ್ದಾಣ. ಸೆಂಟ್ರಲ್ ಪೇಟೆಯೊಳಗೇ ಇದೆ, ಹಂಪನಕಟ್ಟೆಗೆ ನಡೆದೇ ಹೋಗಬಹುದು. ಜಂಕ್ಷನ್ ಇರುವುದು ಪಡೀಲ್ ಕಡೆ, ಅಲ್ಲಿಂದ ಆಟೋ ಹಿಡಿಯಬೇಕು. ಟಿಕೆಟ್‌ನಲ್ಲಿ ಯಾವುದಿದೆ ಎಂದು ಒಮ್ಮೆ ಕಣ್ಣಾಡಿಸಿ.

ರೂಮು ಹಂಪನಕಟ್ಟೆ, ಲಾಲ್‌ಬಾಗ್, ಕೊಡಿಯಾಲ್‌ಬೈಲು ಸುತ್ತಮುತ್ತ ಸಿಕ್ಕರೆ ಹಣ ಸ್ವಲ್ಪ ಜಾಸ್ತಿಯಾದರೂ ತಗೊಳ್ಳಿ. ರಾತ್ರಿ ಹನ್ನೊಂದಕ್ಕೆ ಆಟೋ ಹುಡುಕುವ ಕಷ್ಟ ತಪ್ಪುತ್ತದೆ. ಸುರತ್ಕಲ್, ಉಡುಪಿ ಅಗ್ಗ ಎಂದು ಅಲ್ಲಿ ಉಳಿದವರು ಒಂಬತ್ತು ಗಂಟೆಗೇ ಗಡಿಯಾರ ನೋಡಲು ಶುರುಮಾಡುತ್ತಾರೆ. ಊರು ಬೆಳಗುವುದೇ ಆ ಹೊತ್ತಿಗೆ!

3. ಚೀಲದಲ್ಲಿ ಏನಿರಬೇಕು

ಕೊಡೆ. ಆಕಾಶ ಎಷ್ಟೇ ನೀಲಿ ಇರಲಿ, ಕೊಡೆ. ಮಧ್ಯಾಹ್ನದವರೆಗೆ ಸೆಕೆ ಹಿಂಡುತ್ತದೆ, ನಾಲ್ಕು ಗಂಟೆಗೆ ಘಟ್ಟದ ಕಡೆಯಿಂದ ಮೋಡ ಬಂದು ಗುಡುಗು ಸಿಡಿಲಿನ ಮಳೆ ಹೊಡೆದು ಒಂದು ಗಂಟೆಯಲ್ಲಿ ಏನೂ ಆಗದವರ ಹಾಗೆ ನಿಲ್ಲುತ್ತದೆ. ತೆಳು ಹತ್ತಿ ಬಟ್ಟೆ, ನೀರಿನ ಬಾಟಲಿ, ಪವರ್ ಬ್ಯಾಂಕ್. ಸುಲಭಕ್ಕೆ ಕಳಚಿ ಹಾಕುವ ಚಪ್ಪಲಿ, ಯಾಕೆಂದರೆ ದಿನಕ್ಕೆ ಐದಾರು ಸಲ ಕಳಚಬೇಕಾಗುತ್ತದೆ. ಹತ್ತು, ಇಪ್ಪತ್ತರ ನೋಟುಗಳ ಒಂದು ಕಟ್ಟು. ಅದು ಯಾಕೆ ಎಂದು ಹುಲಿಯ ಹತ್ತಿರ ಬಂದಾಗ ಹೇಳುತ್ತೇನೆ. ಹೊಸ ಬಿಳಿ ಅಂಗಿ ಬೇಡ, ಅದೂ ಹುಲಿಯ ಕಾರಣಕ್ಕೇ.

4. ಶನಿವಾರ ಸಂಜೆ: ಕುದ್ರೋಳಿ

ಊರಿಗೆ ಬಂದು ಮುಖ ತೊಳೆದು ಮೊದಲು ಇಲ್ಲಿಗೆ ಹೋಗಿ. ಗೋಕರ್ಣನಾಥೇಶ್ವರ ದೇವಸ್ಥಾನವನ್ನು 1912ರಲ್ಲಿ ಪ್ರತಿಷ್ಠೆ ಮಾಡಿದವರು ನಾರಾಯಣ ಗುರುಗಳು. ಬೇರೆ ದೇವಸ್ಥಾನಗಳ ಒಳಗೆ ಬಿಡದ ಕಾಲದಲ್ಲಿ ಬಿಲ್ಲವರು ಕಟ್ಟಿಕೊಂಡ ಜಾಗ ಇದು. 1991ರಲ್ಲಿ ಈಗಿನ ರೂಪಕ್ಕೆ ಬಂತು, ಉದ್ಘಾಟನೆಗೆ ರಾಜೀವ್ ಗಾಂಧಿ ಬಂದಿದ್ದರು. ನಾವೀಗ ಮಂಗಳೂರು ದಸರಾ ಎನ್ನುವುದು ಬೆಳೆದದ್ದು ಆಮೇಲೆ, ಕೇಂದ್ರದ ಮಾಜಿ ಸಚಿವ ಜನಾರ್ದನ ಪೂಜಾರಿಯವರ ಮುಂದಾಳತ್ವದಲ್ಲಿ. 2013ರಲ್ಲಿ ಇಬ್ಬರು ವಿಧವೆಯರನ್ನು ಅರ್ಚಕರನ್ನಾಗಿ ಮಾಡಿದ್ದೂ ಇದೇ ದೇವಸ್ಥಾನ. ಹಾಗಾಗಿ ಸುಮ್ನೆ ಲೈಟಿಂಗ್ ನೋಡಿ ಸೆಲ್ಫಿ ತೆಗೆದು ಬರುವ ಜಾಗ ಎಂದುಕೊಳ್ಳಬೇಡಿ.

ಒಳಗೆ ಮಂಟಪದಲ್ಲಿ ಗಣಪತಿ, ಶಾರದೆ, ಜೊತೆಗೆ ನವದುರ್ಗೆಯರ ಆಳೆತ್ತರದ ಮಣ್ಣಿನ ಮೂರ್ತಿಗಳನ್ನು ಸಾಲಾಗಿ ಕೂರಿಸಿರುತ್ತಾರೆ. ಏಳರಿಂದ ಒಂಬತ್ತರವರೆಗೆ ಸರತಿ ಸಾಲು ಉದ್ದ. ಆರಕ್ಕೇ ಹೋದರೆ ನಿಂತು ನೋಡಬಹುದು, ಎಂಟಕ್ಕೆ ಹೋದರೆ ಹಿಂದಿನವರ ಮೊಣಕೈಯೇ ನಿಮ್ಮನ್ನು ಮುಂದೆ ಕಳುಹಿಸುತ್ತದೆ. ಸಾಲಿನಲ್ಲಿ ಶೈಲಪುತ್ರಿಯಿಂದ ಸಿದ್ಧಿದಾತ್ರಿವರೆಗೆ ಹೆಸರು ಓದಿಕೊಂಡು ಹೋಗಿ, ಮಕ್ಕಳಿದ್ದರೆ ಅವರಿಗೆ ಅದೇ ಆಟವಾಗುತ್ತದೆ. ಹೊರಗೆ ವೇದಿಕೆಯಲ್ಲಿ ಹಾಡು, ಕುಣಿತ ಏನಾದರೂ ನಡೆಯುತ್ತಲೇ ಇರುತ್ತದೆ.

ಎಚ್ಚರಿಕೆ: ದೇವಸ್ಥಾನದ ಬಾಗಿಲವರೆಗೆ ಕಾರು ತರಬೇಡಿ. ಮಣ್ಣಗುಡ್ಡ ಕಡೆಯೋ ಅಳಕೆ ಕಡೆಯೋ ಇಳಿದು ನಡೆಯಿರಿ. ಚಪ್ಪಲಿ ಸ್ಟ್ಯಾಂಡಿನಲ್ಲೇ ಬಿಡಿ, ಮೆಟ್ಟಿಲ ಪಕ್ಕದ ಆ ರಾಶಿಯಲ್ಲಿ ಬಿಟ್ಟರೆ ವಾಪಸ್ ಬರುವಾಗ ನಿಮ್ಮದಕ್ಕಿಂತ ಹಳೆಯದು ಉಳಿದಿರುತ್ತದೆ.

ಅಲ್ಲಿಂದ ಹೊರಬಿದ್ದು ಲೇಡಿಹಿಲ್‌ನ ನಾರಾಯಣ ಗುರು ವೃತ್ತ, ಲಾಲ್‌ಬಾಗ್ ಕಡೆ ನಡೆಯುತ್ತಾ ದೀಪ ನೋಡಿ. ಕಾರಿನಲ್ಲಿ ಕೂತು ನೋಡುವವರೇ ಜಾಸ್ತಿ, ಅದಕ್ಕೇ ಕಾರು ಮುಂದೆ ಹೋಗುವುದಿಲ್ಲ. ನಡೆಯುವವರು ಅವರಿಗಿಂತ ಬೇಗ ತಲುಪುತ್ತಾರೆ, ದಾರಿಯಲ್ಲಿ ಚರುಮುರಿ ತಿನ್ನಲೂ ಸಮಯ ಸಿಗುತ್ತದೆ.

5. ಭಾನುವಾರ ಬೆಳಿಗ್ಗೆ: ಮಂಗಳಾದೇವಿ

ಊರಿಗೆ ಹೆಸರು ಕೊಟ್ಟ ದೇವಸ್ಥಾನ. ಸ್ಟೇಟ್‌ಬ್ಯಾಂಕ್‌ನಿಂದ 27 ನಂಬರ್ ಬಸ್ ಹಿಡಿಯಿರಿ. ಸ್ಟೇಟ್‌ಬ್ಯಾಂಕ್ ಎಂದರೆ ಇಲ್ಲಿ ಬ್ಯಾಂಕ್ ಅಲ್ಲ, ಸಿಟಿ ಬಸ್ ನಿಲ್ದಾಣ. ಕೆಎಸ್ಆರ್‌ಟಿಸಿ ನಿಲ್ದಾಣ ಬಿಜೈಯಲ್ಲಿದೆ, ಅದು ಬೇರೆಯೇ. ಇವೆರಡನ್ನು ಕಲಸಿಕೊಂಡು ಅರ್ಧ ಗಂಟೆ ಕಳೆದುಕೊಳ್ಳದ ಹೊರಗಿನವರು ಕಡಿಮೆ.

ಬೆಳಿಗ್ಗೆ ಏಳು, ಏಳೂವರೆಗೆ ಹೋದರೆ ದರ್ಶನ ಸಲೀಸು. ದಶಮಿಗೆ ಇಲ್ಲಿನ ದೇವಿಯ ರಥ ಮಾರ್ನಮಿಕಟ್ಟೆಗೆ ಹೋಗುತ್ತದೆ, ಅಲ್ಲಿ ಶಮಿ ಪೂಜೆ. ಮಾರ್ನೆಮಿ ಎಂದರೆ ತುಳುವಿನಲ್ಲಿ ನವರಾತ್ರಿ. ಮಹಾನವಮಿ ಎನ್ನುವುದೇ ಬಾಯಿಂದ ಬಾಯಿಗೆ ಸವೆದು ಹಾಗಾಗಿದೆ. ಕಂಡಕ್ಟರ್ ವರ್ಷವಿಡೀ ಕೂಗುವ ಆ ಸ್ಟಾಪಿನ ಹೆಸರಲ್ಲೇ ಹಬ್ಬ ಕೂತಿದೆ.

6. ಹುಲಿ ನೋಡುವುದು ಹೇಗೆ

ನೀವು ನಿಜವಾಗಿ ಬಂದಿರುವುದು ಇದಕ್ಕೇ ಅಲ್ವಾ? ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಹೊರಗಿನವರು ಹುಲಿವೇಷ ಎನ್ನುತ್ತಾರೆ, ಇಲ್ಲಿ ಪಿಲಿವೇಷ, ಕುಣಿತಕ್ಕೆ ಪಿಲಿನಲಿಕೆ. ಪಿಲಿ ಅಂದರೆ ಹುಲಿ. ಉಡುಪಿಯಲ್ಲಿ ಇದರ ಭರಾಟೆ ಕೃಷ್ಣಾಷ್ಟಮಿ, ವಿಟ್ಲಪಿಂಡಿಗೆ. ಮಂಗಳೂರಿನಲ್ಲಿ ಮಾರ್ನೆಮಿಗೆ. ಎಷ್ಟೋ ಜನ ಹರಕೆ ಹೊತ್ತು ವೇಷ ಹಾಕುತ್ತಾರೆ. ಇದು ಬರೀ ಶೋ ಅಲ್ಲ ಎಂಬುದು ನೆನಪಿರಲಿ.

ಮೊದಲು ಬಣ್ಣ. ಯಾರಾದರೂ ಪರಿಚಯದವರ ಮೂಲಕ ಬಣ್ಣ ಹಚ್ಚುವ ಜಾಗಕ್ಕೆ ಹೋಗಲು ಸಿಕ್ಕರೆ ನಿದ್ದೆ ಬಿಟ್ಟಾದರೂ ಹೋಗಿ. ಮೈ ಬೋಳಿಸಿಕೊಂಡು ನಿಂತವನಿಗೆ ಮೊದಲು ಒಂದು ಪದರ ಬಳಿಯುತ್ತಾರೆ, ಅದು ಒಣಗಬೇಕು, ಆಮೇಲೆ ಹಳದಿ, ಅದೂ ಒಣಗಬೇಕು, ಆಮೇಲೆ ಪಟ್ಟೆ. ಅಷ್ಟು ಹೊತ್ತು ಕೂರುವ ಹಾಗಿಲ್ಲ, ಕೈ ಮೈಗೆ ತಾಗಿಸುವ ಹಾಗಿಲ್ಲ. ಎರಡೂ ಕೈ ಚಾಚಿ ಕೋಲಿನ ಮೇಲೆ ಇಟ್ಟುಕೊಂಡು ಫ್ಯಾನಿನ ಎದುರು ನಿಂತಿರುತ್ತಾರೆ. ಒಮ್ಮೆ ಹೀಗೆ ನಿಂತಿದ್ದ ಹದಿನಾರು ಹದಿನೇಳರ ಹುಡುಗನೊಬ್ಬ ನಿಂತಲ್ಲೇ ತೂಕಡಿಸುತ್ತಿದ್ದ. ಅವನ ಅಮ್ಮ ಬಣ್ಣ ತಾಗದ ಹಾಗೆ ಲೋಟ ಎತ್ತಿ ಹಿಡಿದು, ಅವನ ಬಾಯಿಗೆ ಸ್ವಲ್ಪ ಸ್ವಲ್ಪವೇ ಚಹಾ ಬಿಡುತ್ತಿದ್ದರು. ಗಂಟಲಿನ ಪಟ್ಟೆ ಇನ್ನೂ ಹಸಿ ಇತ್ತು, ಅವನು ನುಂಗಿದಾಗ ಅದೂ ಅಲುಗುತ್ತಿತ್ತು. ಅಲ್ಲಿ ಫ್ಲಾಶ್ ಹಾಕಿ ಫೋಟೋ ತೆಗೆಯಬೇಡಿ, ಕೇಳಿ ತೆಗೆಯಿರಿ.

ಕೆಲವು ಮಾತು ಗೊತ್ತಿದ್ದರೆ ನೋಡುವ ಖುಷಿ ಜಾಸ್ತಿ. ತಾಸೆ ಅಂದರೆ ಕೊರಳಿಗೆ ನೇತುಹಾಕಿ ಸಪೂರ ಕೋಲಿನಲ್ಲಿ ಬಾರಿಸುವ ವಾದ್ಯ. ಅದರ ಪೆಟ್ಟು ಬದಲಾದರೆ ಹುಲಿಯ ಹೆಜ್ಜೆಯೂ ಬದಲಾಗುತ್ತದೆ. ಊದು ಅಂದರೆ ವೇಷಕ್ಕೆ ಮುಂಚೆ ಲೋಬಾನದ ಹೊಗೆ ಹಾಕಿ ಮಾಡುವ ಪೂಜೆ. ಕೆಲವರಿಗೆ ಆವೇಶ ಬರುವುದು ಆಗಲೇ. ಜಂಡೆ ಅಂದರೆ ತಂಡದ ಬಾವುಟ, ಅದನ್ನು ಹಿಡಿದು ಕುಣಿಯುವುದೇ ಒಂದು ವಿದ್ಯೆ. ಮುಡಿ ಅಂದರೆ ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿಯ ಉಂಡೆ, ಹಳೆ ಲೆಕ್ಕದಲ್ಲಿ 42 ಸೇರು. ಅದನ್ನು ಹಲ್ಲಲ್ಲಿ ಕಚ್ಚಿ ಎತ್ತಿ ತಲೆಯ ಮೇಲಿಂದ ಹಿಂದಕ್ಕೆ ಎಸೆಯುತ್ತಾರೆ. ಮುಡಿ ಕಂಡರೆ ಹಿಂದುಗಡೆ ನಿಲ್ಲಬೇಡಿ!

ಈಗ ಮುಖ್ಯ ಮಾತು. ಹುಲಿಯ ಹಿಂದೆ ಓಡಬೇಡಿ. ವಾಟ್ಸಾಪ್‌ನಲ್ಲಿ "ಕಂಕನಾಡಿಯಲ್ಲಿ ಇದೆಯಂತೆ" ಎಂದು ಬಂದ ಕೂಡಲೇ ಆಟೋ ಹತ್ತಿದರೆ ನೀವು ಕಂಕನಾಡಿಗೆ ಮುಟ್ಟುವಾಗ ತಂಡ ಟೆಂಪೋ ಹತ್ತಿ ಬೇರೆಲ್ಲೋ ಇರುತ್ತದೆ. ಒಂದು ಜಾಗ ಹಿಡಿದು ಕೂರಿ. ಹೆಚ್ಚಿನ ತಂಡಗಳು ದೇವಸ್ಥಾನದ ಎದುರು ಕುಣಿದೇ ಮನೆ, ಅಂಗಡಿ ಸುತ್ತುತ್ತವೆ. ಹಾಗಾಗಿ ಮಂಗಳಾದೇವಿ ಅಂಗಳ, ರಥಬೀದಿ, ಕುದ್ರೋಳಿ, ಈ ಮೂರರಲ್ಲಿ ಒಂದು ಕಡೆ ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರವರೆಗೆ ಇದ್ದರೆ ಸಾಕು, ಹುಲಿಯೇ ನಿಮ್ಮ ಹತ್ತಿರ ಬರುತ್ತದೆ. ದಾರಿ ಕೇಳಬೇಕಾದರೆ "ಪಿಲಿ ಓಲುಂಡು?" ಎನ್ನಿ. ಉಚ್ಚಾರ ತಪ್ಪಿದರೂ ಪರವಾಗಿಲ್ಲ, ಕೇಳಿಸಿಕೊಂಡವರು ನಗುತ್ತಾ ಕೈ ಹಿಡಿದು ತೋರಿಸುತ್ತಾರೆ.

ಮೈದಾನಗಳಲ್ಲಿ ದೊಡ್ಡ ಸ್ಪರ್ಧೆಗಳೂ ನಡೆಯುತ್ತವೆ. ಕುರ್ಚಿ, ಬಹುಮಾನ, ಸಿನಿಮಾದವರು ಎಲ್ಲಾ ಇರುತ್ತಾರೆ. ತಂಡಗಳ ಕಸರತ್ತು ಒಂದೇ ಕಡೆ ನೋಡಲು ಅದೇ ಸರಿ, ಕುಟುಂಬದ ಜೊತೆ ಬಂದವರಿಗೆ ಅನುಕೂಲ. ನನಗೆ ಮಾತ್ರ ಓಣಿಯ ಹುಲಿಯೇ ಇಷ್ಟ. ಗೇಟಿನ ಒಳಗೆ ಅಜ್ಜಿ ಕುರ್ಚಿ ಹಾಕಿ ಕೂತಿರುತ್ತಾರೆ, ಮೊಮ್ಮಗ ಹೆದರಿ ಅವರ ಸೀರೆ ಹಿಡಿದಿರುತ್ತಾನೆ, ಮರಿಹುಲಿ ಅವನನ್ನೇ ನೋಡಿ ಗುರ್ ಎನ್ನುತ್ತದೆ.

ನೋಟಿನ ಕತೆ ಇಲ್ಲಿ ಬರುತ್ತದೆ. ನೆಲದಲ್ಲಿಟ್ಟ ನೋಟನ್ನು ಹುಲಿ ಹಿಂದಕ್ಕೆ ಬಾಗಿ ಬಾಯಿಂದಲೇ ಎತ್ತುತ್ತದೆ. ನೀವು ಕೊಡುವುದಾದರೆ ತಂಡದ ಜೊತೆ ಬರುವವರ ಕೈಗೆ ಕೊಡಿ, ಇಲ್ಲವೇ ಅವರು ಹೇಳಿದ ಹಾಗೆ ಇಡಿ. ಎಸೆಯಬೇಡಿ. ಮತ್ತೆ, ಹುಲಿಯನ್ನು ತಬ್ಬಿ ಸೆಲ್ಫಿ ಬೇಡವೇ ಬೇಡ. ರಾತ್ರಿಯಿಡೀ ನಿಂತು ಹಚ್ಚಿಸಿಕೊಂಡ ಬಣ್ಣ ಅದು, ನಿಮ್ಮ ಅಂಗಿಗೆ ಬಂದರೆ ಅವನ ಮೈಯಿಂದ ಹೋದ ಹಾಗೆ. ಆ ಬಣ್ಣ ಸೋಪಿಗೆ ಜಗ್ಗುವುದೂ ಇಲ್ಲ, ವೇಷ ಹಾಕಿದವರೇ ಸೀಮೆಎಣ್ಣೆ ಉಜ್ಜಿ ತೆಗೆಯುತ್ತಿದ್ದದ್ದು. ಬಾಲ ಎಳೆಯುವ ಮಕ್ಕಳನ್ನು ಹಿಡಿದುಕೊಳ್ಳಿ.

ಬೇರೆ ವೇಷಗಳೂ ಕಾಣುತ್ತವೆ, ಕರಡಿ, ಸಿಂಹ, ಬೇಟೆಗಾರ, ಹೆಣ್ಣುವೇಷ, ಹೀಗೆ. ಆದರೆ ಯಾರಾದರೂ ಮೈಗೆ ಮಸಿ ಬಳಿದು "ಕೊರಗ ವೇಷ" ಎಂದು ಬಂದರೆ ನಕ್ಕು ಹಣ ಕೊಡಬೇಡಿ. ಕೊರಗ ಸಮುದಾಯವನ್ನು ಕೀಳಾಗಿ ಕಾಣುವ ಅಜಲು ಪದ್ಧತಿಯನ್ನು ನಿಷೇಧಿಸುವ ಕಾನೂನು 2000ದಲ್ಲೇ ಬಂದಿದೆ. ಅದು ಹಬ್ಬದ ತಮಾಷೆ ಅಲ್ಲ, ಅಪರಾಧ.

7. ರಥಬೀದಿಯ ಶಾರದೆ

ವೆಂಕಟರಮಣ ದೇವಸ್ಥಾನದ ಪಕ್ಕ, ಆಚಾರ್ಯ ಮಠದಲ್ಲಿ ಕೂರಿಸುವ ಶಾರದೆ. ಕುದ್ರೋಳಿಯ ಗದ್ದಲದ ನಂತರ ಇಲ್ಲಿಗೆ ಬಂದರೆ ಬೇರೆಯೇ ಲಯ. ಸೀರೆ, ಆಭರಣ, ಮಲ್ಲಿಗೆ ಜಡೆ ನೋಡಲಿಕ್ಕೆಂದೇ ಜನ ಬರುತ್ತಾರೆ. ಸಂಜೆ ಹೂವಿನ ಅಂಗಡಿಗಳ ನಡುವೆ ನಡೆದರೆ ಮಲ್ಲಿಗೆಯ ಪರಿಮಳವೇ ದಾರಿ ತೋರಿಸುತ್ತದೆ. ವಿಸರ್ಜನೆಯ ಮೆರವಣಿಗೆಯಲ್ಲಿ ಮೂರ್ತಿಯನ್ನು ಭಕ್ತರು ಹೆಗಲ ಮೇಲೇ ಹೊತ್ತು ಹೋಗುತ್ತಾರೆ. ರಥಬೀದಿ ಕಿರಿದು, ಗಾಡಿ ತರಬೇಡಿ.

8. ದಶಮಿಗೆ ಬಂದಿದ್ದರೆ: ಮೆರವಣಿಗೆ

ಸಂಜೆಗೆ ಕುದ್ರೋಳಿಯಿಂದ ಹೊರಟು ಮಣ್ಣಗುಡ್ಡ, ಲೇಡಿಹಿಲ್, ಲಾಲ್‌ಬಾಗ್, ಬಲ್ಲಾಳ್‌ಬಾಗ್, ಪಿವಿಎಸ್, ಕೆ.ಎಸ್. ರಾವ್ ರಸ್ತೆ, ಹಂಪನಕಟ್ಟೆ, ರಥಬೀದಿ, ಅಳಕೆ ಮೂಲಕ ವಾಪಸ್ ಕುದ್ರೋಳಿ. ತಿರುಗಿ ಮುಟ್ಟುವಾಗ ಬೆಳಗಿನ ಜಾವ. ಮೂರ್ತಿಗಳ ವಿಸರ್ಜನೆ ದೇವಸ್ಥಾನದ ಪುಷ್ಕರಿಣಿಯಲ್ಲೇ, ಅಂದರೆ ಅಲ್ಲಿನ ಕೆರೆಯಲ್ಲಿ. ನಡುವೆ ಟ್ಯಾಬ್ಲೋ, ಚೆಂಡೆ, ಕೀಲುಕುದುರೆ, ಗೊಂಬೆಗಳು, ಲಾರಿಯ ಮೇಲೆ ಹುಲಿಗಳು.

ಎಲ್ಲಿ ನಿಲ್ಲಬೇಕು? ಮಕ್ಕಳು, ವಯಸ್ಸಾದವರು ಇದ್ದರೆ ಲೇಡಿಹಿಲ್, ಲಾಲ್‌ಬಾಗ್ ನಡುವೆ. ರಸ್ತೆ ಅಗಲ, ಮೆರವಣಿಗೆಯೂ ಅಲ್ಲಿಗೆ ಬೇಗ ಬರುತ್ತದೆ, ಎಲ್ಲರೂ ಇನ್ನೂ ಹುರುಪಿನಲ್ಲಿರುತ್ತಾರೆ. ಕೆ.ಎಸ್. ರಾವ್ ರಸ್ತೆಯಲ್ಲಿ ಮಜಾ ಜಾಸ್ತಿ, ನೂಕುನುಗ್ಗಲೂ ಜಾಸ್ತಿ, ಟ್ಯಾಬ್ಲೋ ಬರುವಾಗ ತಡರಾತ್ರಿ. ಎಲ್ಲಾ ಕಡೆ ಓಡಾಡಿ ನೋಡುತ್ತೇನೆ ಎನ್ನುವುದು ಆಗದ ಮಾತು, ಒಂದು ಬದಿ ಸೇರಿದರೆ ರಸ್ತೆ ದಾಟುವುದೇ ಕಷ್ಟ. ಜೊತೆಯವರು ತಪ್ಪಿಹೋದರೆ ಸೇರಲು ಒಂದು ಜಾಗ ಮೊದಲೇ ಹೇಳಿಟ್ಟುಕೊಳ್ಳಿ. ಆ ಗುಂಪಿನಲ್ಲಿ ಫೋನ್ ರಿಂಗಾದರೂ ಕೇಳುವುದಿಲ್ಲ.

ಗಾಡಿ ಮೆರವಣಿಗೆ ದಾರಿಯ ಒಳಸುತ್ತಿನಲ್ಲಿ ನಿಲ್ಲಿಸಬೇಡಿ. ನಾನು ಒಂದು ವರ್ಷ ಜಾಣತನ ಮಾಡಿ ಅಡ್ಡರಸ್ತೆಯೊಂದರಲ್ಲಿ ಸ್ಕೂಟರ್ ಇಟ್ಟಿದ್ದೆ. ಅದನ್ನು ಹೊರಗೆ ತಂದದ್ದು ರಾತ್ರಿ ಮೂರು ಗಂಟೆಗೆ.

9. ಊಟ

ಕುದ್ರೋಳಿಯಲ್ಲಿ ಈ ದಿನಗಳಲ್ಲಿ ಮಧ್ಯಾಹ್ನ ಅನ್ನಸಂತರ್ಪಣೆ ಇರುತ್ತದೆ, ಸಾಲಿನಲ್ಲಿ ನಿಂತು ಉಣ್ಣಿ. ಬೆಳಿಗ್ಗೆ ಬನ್ಸ್, ಸಂಜೆ ಗೋಳಿಬಜೆ, ರಾತ್ರಿ ಗಡ್‌ಬಡ್ ಐಸ್‌ಕ್ರೀಮ್. ಮೀನು, ಕೋರಿರೊಟ್ಟಿ ತಿನ್ನಲೆಂದೇ ಬರುವವರಿಗೆ ಒಂದು ಮಾತು: ನವರಾತ್ರಿಯಲ್ಲಿ ತುಂಬಾ ಮನೆಗಳಲ್ಲಿ ಮೀನು, ಮಾಂಸ ಮಾಡುವುದಿಲ್ಲ. ಹೋಟೆಲುಗಳಲ್ಲಿ ಸಿಗುತ್ತದೆ. ಪರಿಚಯದವರ ಮನೆಗೆ ಹೋಗಿ "ಬಂಗುಡೆ ಇಲ್ವಾ" ಎಂದು ಕೇಳಬೇಡಿ.

10. ಅರ್ಧ ದಿನ ಉಳಿದರೆ

ಎರಡರಲ್ಲಿ ಒಂದನ್ನು ಮಾತ್ರ ಆರಿಸಿ. ಒಂದು, ಕಟೀಲು. ನಂದಿನಿ ನದಿಯ ನಡುವೆ ಇರುವ ದೇವಸ್ಥಾನ, ಮಂಗಳೂರಿನಿಂದ ಒಂದು ಗಂಟೆಯ ದಾರಿ. ಲಲಿತ ಪಂಚಮಿಗೆ ಅಲ್ಲಿ ಹೆಂಗಸರಿಗೆ ದೇವಿಯ ಸೀರೆಯನ್ನು ಪ್ರಸಾದವಾಗಿ ಕೊಡುತ್ತಾರೆ, ಆ ದಿನ ಜನಸಾಗರ. ಇನ್ನೊಂದು, ಉಚ್ಚಿಲ. ಉಡುಪಿ ಕಡೆ ಹೋಗುವ ಹೆದ್ದಾರಿ ಪಕ್ಕದಲ್ಲೇ ಮಹಾಲಕ್ಷ್ಮಿ ದೇವಸ್ಥಾನ, ಮೀನುಗಾರ ಸಮುದಾಯದ ಮೊಗವೀರರು 2022ರಿಂದ ಅಲ್ಲಿ ದೊಡ್ಡದಾಗಿ ದಸರೆ ಮಾಡುತ್ತಿದ್ದಾರೆ. ಉಡುಪಿಗೆ ಹೋಗುವ ಎಕ್ಸ್‌ಪ್ರೆಸ್ ಬಸ್ ಹತ್ತುವಾಗ ಉಚ್ಚಿಲದಲ್ಲಿ ನಿಲ್ಲಿಸುತ್ತಾರಾ ಎಂದು ಕೇಳಿಯೇ ಹತ್ತಿ. ಇಲ್ಲದಿದ್ದರೆ ಕಾಪುವಿನಲ್ಲಿ ಇಳಿದು ವಾಪಸ್ ಬರಬೇಕಾಗುತ್ತದೆ.

ಭಾನುವಾರ ರಾತ್ರಿ ಬೆಂಗಳೂರು ಬಸ್ಸಿಗೆ ಹೊರಡುವವರು ರೂಮಿನಿಂದ ಒಂದು ಗಂಟೆ ಮುಂಚೆ ಬಿಡಿ. ಬೋರ್ಡಿಂಗ್ ಪಾಯಿಂಟ್ ಪಂಪ್‌ವೆಲ್ ಕಡೆ ಸಿಕ್ಕರೆ ಅದನ್ನೇ ಆರಿಸಿ, ದೀಪ ನೋಡುವವರ ಟ್ರಾಫಿಕ್ ಅಲ್ಲಿಗೆ ಅಷ್ಟಾಗಿ ಮುಟ್ಟುವುದಿಲ್ಲ.